ವೀಸಾ ಫೀಸು ಡಾಲರಿನಲ್ಲಿ, ಸೋರಿಕೆ ರೂಪಾಯಿಯಲ್ಲಿ

ಮದುವೆ ಖರ್ಚಿನ ಪಟ್ಟಿಯಲ್ಲಿ ಛತ್ರ, ಅಡುಗೆಯವರು, ಒಡವೆ, ಸೀರೆ ಎಲ್ಲ ಇರುತ್ತವೆ. ಹುಡುಗನೋ ಹುಡುಗಿಯೋ ಆಸ್ಟ್ರೇಲಿಯಾದಲ್ಲಿದ್ದರೆ ಪಟ್ಟಿಯ ಕೊನೆಗೆ ಇನ್ನೊಂದು ಸಾಲು ಸೇರುತ್ತದೆ. ಅದು ಚಿಕ್ಕ ಸಾಲಲ್ಲ. ಆ ದೇಶದ ಪಾರ್ಟ್‌ನರ್ ವೀಸಾಕ್ಕೆ 2025ರ ಜುಲೈ 1ರಂದು ನಿಗದಿಯಾದ ಅರ್ಜಿ ಶುಲ್ಕ 9,365 ಆಸ್ಟ್ರೇಲಿಯನ್ ಡಾಲರ್. ಡಾಲರಿಗೆ 58 ರೂಪಾಯಿ ಎಂದು ಹಿಡಿದರೆ 5,43,170 ರೂಪಾಯಿ. ಕಂತಿನಲ್ಲಿ ಕಟ್ಟುವ ಹಾಗಿಲ್ಲ, ಚೌಕಾಸಿ ಇಲ್ಲ. ಅರ್ಜಿ ತಿರಸ್ಕಾರವಾದರೂ ಸಾಮಾನ್ಯವಾಗಿ ದುಡ್ಡು ವಾಪಸ್ ಬರುವುದಿಲ್ಲ.

ಇಷ್ಟು ದೊಡ್ಡ ಮೊತ್ತ ಎದುರಿಗಿರುವಾಗ ಅದರ ಬಾಲಕ್ಕೆ ಅಂಟಿಕೊಂಡ ಇಪ್ಪತ್ತು ಮೂವತ್ತು ಸಾವಿರ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಕುಳಿತು ಆಸ್ಟ್ರೇಲಿಯಾ ಸರ್ಕಾರದ ವೀಸಾ ಪೋರ್ಟಲ್ ಇಮ್ಮಿಅಕೌಂಟ್‌ನಲ್ಲಿ ಅರ್ಜಿ ತುಂಬಿ, ಕೊನೆಯ ಪುಟದಲ್ಲಿ ಕ್ರೆಡಿಟ್ ಕಾರ್ಡಿನ ನಂಬರ್ ಒತ್ತಿದರೆ ಕೆಲಸವೇನೋ ಆಗುತ್ತದೆ. ಮುಂದಿನ ತಿಂಗಳ ಸ್ಟೇಟ್‌ಮೆಂಟ್ ಬಂದಾಗ ಮೊತ್ತ 5.43 ಲಕ್ಷ ಇರುವುದಿಲ್ಲ, 5.73 ಲಕ್ಷ ದಾಟಿರುತ್ತದೆ. ಆ ಮೂವತ್ತು ಸಾವಿರದಲ್ಲಿ ವೀಸಾ ಶುಲ್ಕಕ್ಕೆ ಸೇರಿದ್ದು ಒಂದು ಪೈಸೆಯೂ ಇಲ್ಲ. ಪೂರ್ತಿ ದುಡ್ಡು ಸಾಗಿಸಿದ ಕೂಲಿ.

ಕೂಲಿ ಎಲ್ಲೆಲ್ಲಿ ಕಡಿತವಾಗುತ್ತದೆ ನೋಡೋಣ. ಆಸ್ಟ್ರೇಲಿಯಾದ ಗೃಹ ಇಲಾಖೆ ಕಾರ್ಡ್ ಪಾವತಿಗೆ ಸರ್‌ಚಾರ್ಜ್ ಹಾಕುತ್ತದೆ. ವೀಸಾ, ಮಾಸ್ಟರ್‌ಕಾರ್ಡ್‌ಗಳಿಗೆ ಅದು ಸುಮಾರು ಶೇ 1.4. ಅಂದರೆ 131 ಡಾಲರ್, ನಮ್ಮ ಲೆಕ್ಕದಲ್ಲಿ 7,600 ರೂಪಾಯಿ. ಆಮೇಲೆ ನಮ್ಮ ಬ್ಯಾಂಕಿನ ಸರದಿ. ಭಾರತದ ಬಹುತೇಕ ಸಾಮಾನ್ಯ ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ಕರೆನ್ಸಿ ವಹಿವಾಟಿಗೆ ಶೇ 3.5ರಷ್ಟು ಮಾರ್ಕ್‌ಅಪ್ ಇರುತ್ತದೆ. ಆ ಮಾರ್ಕ್‌ಅಪ್ ಮೇಲೆ ಶೇ 18 ಜಿಎಸ್‌ಟಿ. ಎರಡೂ ಕೂಡಿದರೆ ಶೇ 4.13. ಸರ್‌ಚಾರ್ಜ್ ಸೇರಿದ ಮೊತ್ತ 5,50,774 ರೂಪಾಯಿ ಅಂದುಕೊಂಡರೆ, ಅದರ ಮೇಲೆ ಮಾರ್ಕ್‌ಅಪ್ 19,277, ಜಿಎಸ್‌ಟಿ 3,470. ಸರ್‌ಚಾರ್ಜಿನ ಮೇಲೂ ಮಾರ್ಕ್‌ಅಪ್ ಬಿತ್ತು, ಮಾರ್ಕ್‌ಅಪ್ಪಿನ ಮೇಲೆ ತೆರಿಗೆಯೂ ಬಿತ್ತು ಎಂಬುದನ್ನು ಗಮನಿಸಿ.

ಕಾರ್ಡಿನ ರಿವಾರ್ಡ್ ಪಾಯಿಂಟ್ ಬರುತ್ತದಲ್ಲ ಎನ್ನುವವರಿದ್ದಾರೆ. ಶೇ 4ಕ್ಕೂ ಹೆಚ್ಚು ಕೊಟ್ಟು ಶೇ 1ರ ಬೆಲೆಯ ಪಾಯಿಂಟ್ ಪಡೆಯುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ಸರ್ಕಾರಿ ಪಾವತಿಗಳಿಗೆ ಪಾಯಿಂಟ್ ಕೊಡದ ಕಾರ್ಡುಗಳೂ ಇವೆ.

ಇನ್ನು ಉಪಾಯಕ್ಕೆ ಬರೋಣ. ವೀಸಾ ಯಾರ ಹೆಸರಿನಲ್ಲಿದೆಯೋ ಅವರೇ ದುಡ್ಡು ಕಟ್ಟಬೇಕು ಎಂಬ ನಿಯಮ ಇಲ್ಲ. ಇದು ಗೊತ್ತಿಲ್ಲದೆಯೇ ಎಷ್ಟೋ ಮನೆಗಳು ದುಡ್ಡು ಕಳೆದುಕೊಳ್ಳುತ್ತವೆ. ಅರ್ಜಿದಾರಳು ಹುಬ್ಬಳ್ಳಿಯಲ್ಲಿರಬಹುದು, ಪ್ರಾಯೋಜಕನಾದ ಗಂಡ ಮೆಲ್ಬರ್ನ್‌ನಲ್ಲಿರಬಹುದು. ಶುಲ್ಕ ಡಾಲರಿನಲ್ಲಿ, ಗಂಡನ ಸಂಬಳವೂ ಡಾಲರಿನಲ್ಲಿ. ಆ ಡಾಲರ್ ಅಲ್ಲಿಂದ ಅಲ್ಲಿಗೇ ಹೋದರೆ ರೂಪಾಯಿ ನಡುವೆ ಬರುವುದೇ ಇಲ್ಲ. ಮಾರ್ಕ್‌ಅಪ್ ಇಲ್ಲ, ವಿನಿಮಯ ದರದ ತಲೆಬಿಸಿ ಇಲ್ಲ.

ಸರ್‌ಚಾರ್ಜನ್ನೂ ತಪ್ಪಿಸಿಕೊಳ್ಳಬಹುದು. ಅದಕ್ಕೆ ದಾರಿ ಬಿಪೇ. 1997ರಲ್ಲಿ ಶುರುವಾದ ಇದು ಆಸ್ಟ್ರೇಲಿಯಾದ ಬಿಲ್ ಪಾವತಿ ವ್ಯವಸ್ಥೆ, ನಮ್ಮ ಭಾರತ್ ಬಿಲ್‌ಪೇ ಮಾಡುವ ಕೆಲಸವನ್ನೇ ಅಲ್ಲಿ ಮಾಡುತ್ತದೆ. ಅರ್ಜಿ ತುಂಬಿ ಪಾವತಿಯ ಹಂತಕ್ಕೆ ಬಂದಾಗ ಬಿಪೇ ಆರಿಸಿಕೊಂಡರೆ ಒಂದು ಬಿಲ್ಲರ್ ಕೋಡ್, ಒಂದು ರೆಫರೆನ್ಸ್ ನಂಬರ್ ಸಿಗುತ್ತದೆ. ಹೆಂಡತಿ ಅದನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಗಂಡ ತನ್ನ ಬ್ಯಾಂಕಿನ ಆ್ಯಪಿನಲ್ಲಿ ಅವೆರಡನ್ನು ಹಾಕಿ ಕಟ್ಟುತ್ತಾನೆ. ಇಲಾಖೆ ಇದಕ್ಕೆ ಸರ್‌ಚಾರ್ಜ್ ಹಾಕುವುದಿಲ್ಲ. 9,365 ಅಂದರೆ 9,365. ಆಸ್ಟ್ರೇಲಿಯಾದ ಬ್ಯಾಂಕ್ ಖಾತೆ ಮಾತ್ರ ಇರಬೇಕು, ಭಾರತದ ಖಾತೆಯಿಂದ ಬಿಪೇ ನಡೆಯುವುದಿಲ್ಲ.

ಬಿಪೇಗೆ ಎರಡು ತೊಡಕುಗಳಿವೆ. ಅಲ್ಲಿನ ಬ್ಯಾಂಕುಗಳು ದಿನದ ಪಾವತಿಗೆ ಮಿತಿ ಇಟ್ಟಿರುತ್ತವೆ, ಒಂಬತ್ತು ಸಾವಿರ ಡಾಲರ್ ಒಮ್ಮೆಗೆ ಹೋಗದಿರಬಹುದು. ಮಿತಿಯನ್ನು ಮೊದಲೇ ಏರಿಸಿಕೊಂಡಿರಬೇಕು. ಎರಡನೆಯದು ಹೆಚ್ಚು ಗಂಭೀರ. ಕಾರ್ಡಿನಲ್ಲಿ ಕಟ್ಟಿದರೆ ಅರ್ಜಿ ಆ ಕ್ಷಣವೇ ಸಲ್ಲಿಕೆಯಾಗುತ್ತದೆ. ಬಿಪೇ ದುಡ್ಡು ಇಲಾಖೆಯನ್ನು ತಲುಪಲು ಒಂದೆರಡು ಕೆಲಸದ ದಿನ ಬೇಕು, ತಲುಪಿದ ಮೇಲಷ್ಟೇ ಅರ್ಜಿ ಸಲ್ಲಿಕೆಯಾದಂತೆ. ಭಾರತದಲ್ಲಿದ್ದು 309 ಉಪವರ್ಗದ ವೀಸಾಕ್ಕೆ ಅರ್ಜಿ ಹಾಕುವವರಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಆಸ್ಟ್ರೇಲಿಯಾದೊಳಗೇ ವಿದ್ಯಾರ್ಥಿ ವೀಸಾದಲ್ಲೋ ಬೇರೊಂದು ವೀಸಾದಲ್ಲೋ ಇದ್ದು 820ಕ್ಕೆ ಅರ್ಜಿ ಹಾಕುವವರ ಕೈಯಲ್ಲಿರುವ ವೀಸಾ ನಾಳೆ ಮುಗಿಯುವಂತಿದ್ದರೆ, 131 ಡಾಲರ್ ಉಳಿಸಲು ಹೋಗಬಾರದು. ಕಾರ್ಡು ಉಜ್ಜಿ ಅವತ್ತೇ ಮುಗಿಸಬೇಕು.

ಪೇಪಾಲ್ ಕೂಡ ಅಲ್ಲಿದೆ. ಅದರ ಸರ್‌ಚಾರ್ಜ್ ಸುಮಾರು ಶೇ 1, ಕಾರ್ಡಿಗಿಂತ ಕಡಿಮೆ. ಆಸ್ಟ್ರೇಲಿಯಾದ ಖಾತೆಗೆ ಜೋಡಿಸಿದ ಪೇಪಾಲ್ ಇದ್ದವರಿಗೆ ಇದು ಸರಿ. ಬೇರೆ ದೇಶದ ಕಾರ್ಡ್ ಜೋಡಿಸಿದವರು ಮಾತ್ರ ಎಚ್ಚರವಾಗಿರಬೇಕು. ಕರೆನ್ಸಿಯನ್ನು ತಾನೇ ಬದಲಿಸಿಕೊಡುತ್ತೇನೆ ಎಂದು ಪೇಪಾಲ್ ಮುಂದೆ ಬರುತ್ತದೆ, ಅದರ ದರದಲ್ಲಿ ಒಳ್ಳೆಯ ಲಾಭಾಂಶ ಸೇರಿರುತ್ತದೆ. ಯಾವುದೇ ಪಾವತಿ ಪುಟ ‘ನಿಮ್ಮ ದೇಶದ ಹಣದಲ್ಲೇ ಕಟ್ಟಿ’ ಎಂದು ಉಪಚಾರ ಮಾಡಿದರೆ ಬೇಡ ಎನ್ನುವುದೇ ಲೇಸು.

ಇಲ್ಲಿಯವರೆಗಿನದು ಬರೀ ಲೆಕ್ಕ. ಮನೆಯೊಳಗೆ ಬಂದರೆ ಮಾತು ಅಷ್ಟು ಸಲೀಸಲ್ಲ. ಫೀಸನ್ನು ಗಂಡನೇ ಕಟ್ಟಲಿ ಎಂದರೆ ಯಾರ ದುಡ್ಡಿನಿಂದ ಎಂಬ ಪ್ರಶ್ನೆ ಬರುತ್ತದೆ. ‘ಛತ್ರದ ಖರ್ಚು ನಾವು ನೋಡ್ಕೊಂಡಿದ್ದೀವಿ, ವೀಸಾದ್ದು ನೀವು ನೋಡ್ಕೊಳ್ಳಿ’ ಎಂದು ಬೀಗರು ನಿಶ್ಚಿತಾರ್ಥದ ಹೊತ್ತಿಗೇ ಹೇಳಿಬಿಡುವುದುಂಟು. ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ: ಮದುವೆಯ ಷರತ್ತಾಗಿ ಹೆಣ್ಣಿನ ಕಡೆಯವರಿಂದ ವೀಸಾ ಫೀಸು ಕೇಳುವುದು ವರದಕ್ಷಿಣೆಯೇ. ಮದುವೆಗೆ ಸಂಬಂಧಿಸಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೊಡುವ ಬೆಲೆಬಾಳುವುದನ್ನೆಲ್ಲ 1961ರ ವರದಕ್ಷಿಣೆ ನಿಷೇಧ ಕಾಯ್ದೆ ಒಳಗೊಳ್ಳುತ್ತದೆ. ಡಾಲರಿನಲ್ಲಿ ಕೇಳಿದರೆ ಅದರ ಹೆಸರು ಬದಲಾಗುವುದಿಲ್ಲ.

ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಖರ್ಚು ಹಂಚಿಕೊಳ್ಳೋಣ ಎಂದು ತಾವೇ ಮಾತಾಡಿಕೊಂಡಿದ್ದರೆ ಅದು ಬೇರೆ ಮಾತು. ಗಂಡ ಅಲ್ಲಿ ಡಾಲರಿನಲ್ಲಿ ಕಟ್ಟಿರುತ್ತಾನೆ. ಹೆಂಡತಿ ತನ್ನ ಪಾಲನ್ನು ಇಲ್ಲಿ ರೂಪಾಯಿಯಲ್ಲೇ ಅವನ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ) ಖಾತೆಗೆ ಹಾಕಬಹುದು. ಭಾರತದ ನಿವಾಸಿಯೊಬ್ಬರು ಅನಿವಾಸಿಯಾದ ಹತ್ತಿರದ ಸಂಬಂಧಿಗೆ ಎನ್‌ಆರ್‌ಒ ಖಾತೆಯ ಮೂಲಕ ರೂಪಾಯಿಯಲ್ಲಿ ಉಡುಗೊರೆ ಕೊಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಅದು ಮುಂದೆ ಹೇಳುವ ವಾರ್ಷಿಕ ರವಾನೆ ಮಿತಿಯೊಳಗೆ ಲೆಕ್ಕಕ್ಕೆ ಬರುತ್ತದೆ, ಅಷ್ಟೆ. ಊರಿನಲ್ಲಿರುವ ಅಪ್ಪ-ಅಮ್ಮನ ಔಷಧಿ, ಮನೆ ಸಾಲದ ಕಂತು ಎಂದು ಗಂಡನಿಗೆ ಇಲ್ಲಿ ಹೇಗೂ ರೂಪಾಯಿ ಖರ್ಚು ಇದ್ದೇ ಇರುತ್ತದೆ. ಆ ದುಡ್ಡು ಅದಕ್ಕಾಗುತ್ತದೆ. ವಿನಿಮಯವೇ ನಡೆಯದೆ ಎರಡೂ ಕಡೆಯ ಲೆಕ್ಕ ಚುಕ್ತಾ.

ಇದನ್ನೇ ಗುರುತು ಪರಿಚಯ ಇಲ್ಲದವರ ಜೊತೆ ಮಾಡಲು ಹೋಗಬೇಡಿ. ‘ಸಿಡ್ನಿಯಲ್ಲಿ ನಮ್ಮ ಹುಡುಗ ಡಾಲರ್ ಕಟ್ಟುತ್ತಾನೆ, ನೀವು ಇಲ್ಲಿ ನನ್ನ ಕೈಗೆ ರೂಪಾಯಿ ಕೊಡಿ, ಬ್ಯಾಂಕಿಗಿಂತ ಒಳ್ಳೆಯ ದರ’ ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅದಕ್ಕೆ ಹವಾಲಾ ಎನ್ನುತ್ತಾರೆ, ಅದು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಉಲ್ಲಂಘನೆ. ದುಡ್ಡು ಮುಳುಗಿದರೆ ದೂರು ಕೊಡಲೂ ಬಾಯಿರುವುದಿಲ್ಲ. ಕದ್ದ ಕಾರ್ಡಿನಿಂದ ಫೀಸು ಕಟ್ಟಿ, ಆಮೇಲೆ ಆ ಪಾವತಿ ರದ್ದಾದರೆ ವೀಸಾ ಅರ್ಜಿಗೇ ಕುತ್ತು.

ಅಲ್ಲಿ ಗಂಡನ ಹತ್ತಿರ ಅಷ್ಟು ದುಡ್ಡಿಲ್ಲ, ಈಗಷ್ಟೇ ಕೆಲಸಕ್ಕೆ ಸೇರಿದ್ದಾನೆ, ಬಾಡಿಗೆ ಬಾಂಡ್ ಕಟ್ಟಿ ಕೈ ಬರಿದಾಗಿದೆ ಅನ್ನಿ. ಇಲ್ಲಿಂದಲೇ ದುಡ್ಡು ಹೋಗಬೇಕು. ಆಗಲೂ ಕಾರ್ಡಿಗಿಂತ ಬ್ಯಾಂಕಿನ ಮೂಲಕ ಅವನ ಖಾತೆಗೆ ಕಳಿಸಿ, ಅವನು ಬಿಪೇಯಲ್ಲಿ ಕಟ್ಟುವುದು ಅಗ್ಗ. ಬ್ಯಾಂಕು ನಿಮಗೆ ಡಾಲರ್ ಮಾರುವ ದರ ಗೂಗಲಿನಲ್ಲಿ ಕಾಣುವ ದರಕ್ಕಿಂತ ಒಂದು ರೂಪಾಯಿಯೋ ಅರ್ಧ ರೂಪಾಯಿಯೋ ಹೆಚ್ಚಿರುತ್ತದೆ. ಶೇ 1 ಹೆಚ್ಚು ಎಂದಿಟ್ಟುಕೊಂಡರೆ 5,400 ರೂಪಾಯಿ. ಕರೆನ್ಸಿ ವಿನಿಮಯದ ಮೇಲಿನ ಜಿಎಸ್‌ಟಿಗೆ ಒಂದು ವಿಚಿತ್ರ ಸೂತ್ರವಿದೆ: ಒಂದು ಲಕ್ಷದಿಂದ ಹತ್ತು ಲಕ್ಷದವರೆಗಿನ ಮೊತ್ತಕ್ಕೆ 1,000 ರೂಪಾಯಿ, ಲಕ್ಷದ ಮೇಲಿನ ಭಾಗದ ಶೇ 0.5, ಇವೆರಡನ್ನು ಕೂಡಿಸಿ ಅದರ ಮೇಲೆ ಶೇ 18. ಐದೂವರೆ ಲಕ್ಷಕ್ಕೆ ಇದು ಆರುನೂರು ರೂಪಾಯಿಯ ಒಳಗೇ ಮುಗಿಯುತ್ತದೆ. ರವಾನೆ ಶುಲ್ಕ, ನಡುವಿನ ಬ್ಯಾಂಕಿನ ಕಡಿತ ಎಲ್ಲ ಸೇರಿದರೂ ಒಟ್ಟು ಖರ್ಚು ಏಳೆಂಟು ಸಾವಿರದ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೂವತ್ತು ಸಾವಿರ ಎಲ್ಲಿ, ಇದೆಲ್ಲಿ.

ಆ ಶೇ 1 ಕೂಡ ಕಲ್ಲಿನ ಮೇಲೆ ಬರೆದದ್ದಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಕಾಣುವ ದರಕ್ಕೂ ಶಾಖೆಗೆ ಹೋಗಿ ‘ಐದು ಲಕ್ಷ ಕಳಿಸಬೇಕು, ಏನು ದರ ಕೊಡ್ತೀರಿ’ ಎಂದು ಕೇಳಿದಾಗ ಸಿಗುವ ದರಕ್ಕೂ ವ್ಯತ್ಯಾಸ ಇರುತ್ತದೆ. ಒಡವೆ ಅಂಗಡಿಯಲ್ಲಿ ವೇಸ್ಟೇಜ್ ಎಷ್ಟು ಎಂದು ಗ್ರಾಂ ಲೆಕ್ಕದಲ್ಲಿ ಜಗಳ ಆಡುವ ನಾವು ಬ್ಯಾಂಕಿನ ಕೌಂಟರಿನಲ್ಲಿ ಮಾತ್ರ ಯಾಕೋ ಬಾಯಿ ಕಟ್ಟಿಸಿಕೊಂಡು ನಿಲ್ಲುತ್ತೇವೆ. ಎರಡು ಬ್ಯಾಂಕಿನಲ್ಲಿ ಒಂದೇ ದಿನ, ಒಂದೇ ಗಂಟೆಯಲ್ಲಿ ಕೇಳಿ ನೋಡಿ. ದರ ಕೇಳುವಾಗ ‘ಶುಲ್ಕ ಎಷ್ಟು’ ಎಂದಷ್ಟೇ ಕೇಳಬೇಡಿ. ಶುಲ್ಕ ಸೊನ್ನೆ ಎಂದು ಜಾಹೀರಾತು ಮಾಡುವವರು ದರದಲ್ಲೇ ತಮ್ಮ ಪಾಲು ಇಟ್ಟುಕೊಂಡಿರುತ್ತಾರೆ. ‘9,365 ಡಾಲರ್ ಆ ಖಾತೆಗೆ ತಲುಪಬೇಕು, ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತದೆ’ ಎಂಬ ಒಂದೇ ಪ್ರಶ್ನೆ ಸಾಕು.

ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಿಸುತ್ತಾರೆ, ಪ್ಯಾನ್ ಕೇಳುತ್ತಾರೆ, ಉದ್ದೇಶ ಏನು ಎಂದು ಬರೆಸಿಕೊಳ್ಳುತ್ತಾರೆ. ಇದು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆ, ಬ್ಯಾಂಕಿನವರ ಬಾಯಲ್ಲಿ ಎಲ್‌ಆರ್‌ಎಸ್. 2004ರಲ್ಲಿ 25 ಸಾವಿರ ಅಮೆರಿಕನ್ ಡಾಲರ್ ಮಿತಿಯೊಂದಿಗೆ ಶುರುವಾಗಿ ಈಗ ಒಬ್ಬರಿಗೆ ಆರ್ಥಿಕ ವರ್ಷಕ್ಕೆ ಎರಡೂವರೆ ಲಕ್ಷ ಅಮೆರಿಕನ್ ಡಾಲರಿಗೆ ಬಂದು ನಿಂತಿದೆ. ವೀಸಾ ಫೀಸಿಗೆ ಆ ಮಿತಿ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಟಿಸಿಎಸ್, ಅಂದರೆ ದುಡ್ಡು ಕಳಿಸುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ. 2025ರ ಏಪ್ರಿಲ್ 1ರಿಂದ ಒಂದು ಪ್ಯಾನ್‌ನಲ್ಲಿ ವರ್ಷಕ್ಕೆ ಹತ್ತು ಲಕ್ಷ ರೂಪಾಯಿವರೆಗಿನ ರವಾನೆಗೆ ಟಿಸಿಎಸ್ ಇಲ್ಲ. ಮೊದಲು ಅದು ಏಳು ಲಕ್ಷವಿತ್ತು. ಮಿತಿ ದಾಟಿದರೆ, ಶಿಕ್ಷಣ, ಚಿಕಿತ್ಸೆಗಳನ್ನು ಬಿಟ್ಟು ಉಳಿದ ಉದ್ದೇಶಗಳಿಗೆ, ದಾಟಿದ ಭಾಗದ ಮೇಲೆ ಶೇ 20 ಹಿಡಿಯುತ್ತಾರೆ.

ಐದೂವರೆ ಲಕ್ಷ ತಾನೆ, ಹತ್ತರ ಒಳಗೇ ಇದೆಯಲ್ಲ ಎನ್ನಬಹುದು. ಆದರೆ ಅದೇ ಅಪ್ಪನ ಪ್ಯಾನ್‌ನಿಂದ ಅದೇ ವರ್ಷ ಮಗನ ಓದಿಗೆ ಕೆನಡಾಕ್ಕೆ ಎಂಟು ಲಕ್ಷ ಹೋಗಿದ್ದರೆ? ಆಗ ಮಿತಿ ದಾಟುತ್ತದೆ. ಅಂಥ ಮನೆಯಲ್ಲಿ ಅಮ್ಮನ ಖಾತೆಯಿಂದಲೋ ಮಗಳ ಸಂಬಳದ ಖಾತೆಯಿಂದಲೋ ಕಳಿಸುವುದು ಜಾಣತನ, ಅವರವರ ದುಡ್ಡು ಅವರವರ ಖಾತೆಯಲ್ಲಿ ಇದ್ದರೆ. ಟಿಸಿಎಸ್ ಕಳೆದುಹೋಗುವ ದುಡ್ಡಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಹೆಚ್ಚಿದ್ದರೆ ವಾಪಸ್ ಪಡೆಯಬಹುದು. ಅಲ್ಲಿಯವರೆಗೆ ಅದು ಸರ್ಕಾರದ ಬಳಿ ಕೂತಿರುತ್ತದೆ.

ಕಾರ್ಡೇ ಗತಿ ಎಂಬ ಪರಿಸ್ಥಿತಿಯೂ ಬರುತ್ತದೆ. ಆಗ ಮಾರ್ಕ್‌ಅಪ್ ಇಲ್ಲದ ಅಥವಾ ಶೇ 2ರೊಳಗಿನ ಕಾರ್ಡ್ ಮನೆಯಲ್ಲಿ ಯಾರ ಹತ್ತಿರವಾದರೂ ಇದೆಯೇ ಕೇಳಿ, ಈಗ ಅಂಥವು ಸಿಗುತ್ತಿವೆ. ಅಣ್ಣನ ಕಾರ್ಡಾದರೂ ನಡೆಯುತ್ತದೆ. ಮುಂಗಡವಾಗಿ ಡಾಲರ್ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಿನಲ್ಲಿ ಮಾರ್ಕ್‌ಅಪ್ ತಪ್ಪುತ್ತದೆ, ಆಸ್ಟ್ರೇಲಿಯಾದ ಸರ್‌ಚಾರ್ಜ್ ತಪ್ಪುವುದಿಲ್ಲ. 2020ರ ಅಕ್ಟೋಬರ್‌ನಿಂದ ಭಾರತದಲ್ಲಿ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮುಚ್ಚಿಯೇ ಬರುತ್ತದೆ, ನಾವೇ ಆ್ಯಪಿನಲ್ಲಿ ತೆರೆದುಕೊಳ್ಳಬೇಕು, ಮಿತಿಯನ್ನೂ ಏರಿಸಿಕೊಳ್ಳಬೇಕು. ರಾತ್ರಿ ಹನ್ನೊಂದಕ್ಕೆ ಪಾವತಿ ಮತ್ತೆ ಮತ್ತೆ ತಿರಸ್ಕಾರವಾಗಿ ಗಾಬರಿ ಬೀಳುವ ಮೊದಲು ಇದನ್ನು ನೋಡಿಕೊಳ್ಳಿ.

ಇನ್ನು ಸಮಯದ ಲೆಕ್ಕ. ಆಸ್ಟ್ರೇಲಿಯಾದ ಹಣಕಾಸು ವರ್ಷ ಜುಲೈ 1ಕ್ಕೆ ಶುರು, ಸಾಮಾನ್ಯವಾಗಿ ವೀಸಾ ಶುಲ್ಕ ಏರುವುದೂ ಅವತ್ತೇ. ಈ ಏರಿಕೆಯ ಚರಿತ್ರೆ ನೋಡಿದರೆ ತಲೆ ತಿರುಗುತ್ತದೆ. ಆಸ್ಟ್ರೇಲಿಯಾದೊಳಗಿಂದಲೇ ಹಾಕುವ 820ಕ್ಕೆ 2014ರ ಕೊನೆಯಲ್ಲಿ 4,575 ಡಾಲರ್ ಇದ್ದದ್ದು 2015ರ ಜನವರಿ 1ಕ್ಕೆ ಒಂದೇ ಏಟಿಗೆ 6,865 ಆಯಿತು. 2019ರಲ್ಲಿ 7,715. 2023ರಲ್ಲಿ 8,850. 2024ರಲ್ಲಿ 9,095. ಗಂಡ-ಹೆಂಡತಿ ಒಂದೇ ಸೂರಿನಡಿ ಇರುವುದಕ್ಕೆ ಇಷ್ಟು ಶುಲ್ಕ ವಿಧಿಸುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಆಸ್ಟ್ರೇಲಿಯಾದವರೂ ಕೇಳುತ್ತಿರುತ್ತಾರೆ. ಬೇಡವೆಂದು ಯಾರೂ ಬಿಡುವ ವೀಸಾ ಇದಲ್ಲ, ಸರ್ಕಾರಕ್ಕೂ ಅದು ಗೊತ್ತು. ಅರ್ಜಿ ಸಲ್ಲಿಸಿದ ದಿನ ಯಾವ ಶುಲ್ಕ ಇತ್ತೋ ಅದೇ ಅನ್ವಯ. 2024ರಿಂದ 2025ಕ್ಕೆ ಏರಿದ್ದು 270 ಡಾಲರ್, ಅಂದರೆ 15 ಸಾವಿರ ರೂಪಾಯಿಗೂ ಹೆಚ್ಚು. ಮೇ ತಿಂಗಳಲ್ಲಿ ಮದುವೆ ಮುಗಿಸಿದವರು ಜೂನ್ ಮೂರನೇ ವಾರದೊಳಗೆ ಅರ್ಜಿ ಹಾಕಿದರೆ ಬಿಪೇಗೆ ಬೇಕಾದ ದಿನಗಳೂ ಕೈಯಲ್ಲಿರುತ್ತವೆ. ಡಾಲರ್ ದರ ಇಳಿಯಲಿ ಎಂದು ಕಾಯುತ್ತಾ ಕೂರುವವರು ಜುಲೈ ಏರಿಕೆಗೆ ಸಿಕ್ಕಿಬಿದ್ದರೆ ಎರಡೂ ಹೋಯಿತು.

ಯಾವ ವೀಸಾ ಎಂಬುದರಲ್ಲೂ ದುಡ್ಡಿದೆ. ಮದುವೆಯಾಗಿ 309ಕ್ಕೆ ಅರ್ಜಿ ಹಾಕಿದರೆ ಅದೇ ಶುಲ್ಕದಲ್ಲಿ ಮುಂದಿನ ಕಾಯಂ ವೀಸಾ 100ರ ಅರ್ಜಿಯೂ ಸೇರಿದೆ. ಮದುವೆಗೆ ಮೊದಲೇ ಹೋಗಲು ಇರುವ 300 ಉಪವರ್ಗದ ವೀಸಾಕ್ಕೂ ಶುಲ್ಕ ಅಷ್ಟೇ. ಆದರೆ ಅಲ್ಲಿ ಹೋಗಿ ಮದುವೆಯಾದ ಮೇಲೆ 820ಕ್ಕೆ ಮತ್ತೆ ಅರ್ಜಿ ಹಾಕಬೇಕು, ಕಡಿಮೆಯಾದರೂ ಇನ್ನೊಂದು ಶುಲ್ಕ ಕಟ್ಟಬೇಕು. ಊರಿನಲ್ಲೇ ಮದುವೆಯಾಗುವ ನಮ್ಮವರಿಗೆ ಅದರ ಅಗತ್ಯ ಕಡಿಮೆ. ಕನ್ನಡದಲ್ಲಿರುವ ದಾಖಲೆಗಳ ಅನುವಾದಕ್ಕೆ ಆಸ್ಟ್ರೇಲಿಯಾದಲ್ಲಿ ಮಾನ್ಯತೆ ಪಡೆದ ಅನುವಾದಕರನ್ನೇ ಹುಡುಕಿ ಡಾಲರಿನಲ್ಲಿ ಕೊಡಬೇಕಿಲ್ಲ. ಹೊರದೇಶದಲ್ಲಿ ಮಾಡಿಸುವ ಅನುವಾದಕ್ಕೆ ಅನುವಾದಕರ ಹೆಸರು, ವಿಳಾಸ, ಅರ್ಹತೆ ನಮೂದಾಗಿದ್ದರೆ ನಡೆಯುತ್ತದೆ.

ಬೇರೆ ದೇಶಗಳಲ್ಲಿ ಆಟದ ನಿಯಮ ಬೇರೆ. ಬ್ರಿಟನ್ನಿನ ಸಂಗಾತಿ ವೀಸಾಕ್ಕೆ 2025ರ ಏಪ್ರಿಲ್‌ನಲ್ಲಿ 1,938 ಪೌಂಡ್ ಶುಲ್ಕ ನಿಗದಿಯಾಯಿತು. ಅದರ ಜೊತೆ ವರ್ಷಕ್ಕೆ 1,035 ಪೌಂಡಿನಂತೆ ಮೂರು ವರ್ಷಕ್ಕೆ 3,105 ಪೌಂಡ್ ಆರೋಗ್ಯ ಸರ್‌ಚಾರ್ಜ್. ಬಾಲವೇ ದೇಹಕ್ಕಿಂತ ಉದ್ದ. ಹೊರಗಿನಿಂದ ಅರ್ಜಿ ಹಾಕುವವರಿಗೆ ಬ್ರಿಟನ್ ಶುಲ್ಕವನ್ನು ತನ್ನದೇ ವಿನಿಮಯ ದರದಲ್ಲಿ ಬದಲಿಸಿ ತೋರಿಸುತ್ತದೆ, ಆ ದರ ಮಾರುಕಟ್ಟೆಗಿಂತ ದುಬಾರಿ. ಪುಟದಲ್ಲಿ ಅಮೆರಿಕನ್ ಡಾಲರ್ ಕಂಡರೆ ಪೌಂಡಿನಿಂದ ಡಾಲರ್, ಡಾಲರಿನಿಂದ ರೂಪಾಯಿ ಎಂದು ಎರಡು ಸಲ ಸೋರಿಕೆ. ಅಲ್ಲಿ ಸಂಗಾತಿಯ ಬ್ರಿಟಿಷ್ ಕಾರ್ಡಿನಿಂದ ಕಟ್ಟಿದರೂ ಪರಿವರ್ತನೆ ತಪ್ಪದಿರಬಹುದು, ಆದ್ದರಿಂದ ವಿದೇಶಿ ವಹಿವಾಟಿಗೆ ಶುಲ್ಕವಿಲ್ಲದ ಕಾರ್ಡೇ ಬೇಕು. ಅಮೆರಿಕದಲ್ಲಿ ಗೊಂದಲವೇ ಇಲ್ಲ: ಅರ್ಜಿ ನ್ಯಾಷನಲ್ ವೀಸಾ ಸೆಂಟರಿಗೆ ಬಂದ ಮೇಲೆ ಆನ್‌ಲೈನಿನಲ್ಲಿ ಕಟ್ಟುವ ಶುಲ್ಕಕ್ಕೆ ಅಮೆರಿಕದ ಬ್ಯಾಂಕ್ ಖಾತೆಯೇ ಬೇಕು. ಮನಸ್ಸಿದ್ದರೂ ಇಲ್ಲಿಂದ ಕಟ್ಟಲಾಗುವುದಿಲ್ಲ. ದುಬೈ, ದೋಹಾಗಳಲ್ಲಿ ದುಡಿಯುವ ಕರಾವಳಿಯವರು ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕುವಾಗ ದಿರ್ಹಮ್ ಅಥವಾ ರಿಯಾಲ್ ಕಾರ್ಡಿನ ಶುಲ್ಕವನ್ನೂ ಇದೇ ರೀತಿ ಬಿಡಿಸಿ ನೋಡಬೇಕು. ಊರಿನ ಕಾರ್ಡೇ ಅಗ್ಗ, ಅಲ್ಲಿಯದೇ ಅಗ್ಗ ಎಂದು ಕಣ್ಣು ಮುಚ್ಚಿ ಹೇಳಲಾಗದು.

ಅರ್ಜಿ ಹಾಕುವ ವಾರ ಇಲಾಖೆಯ ವೆಬ್‌ಸೈಟಿನಲ್ಲಿ ಶುಲ್ಕ ಮತ್ತು ಸರ್‌ಚಾರ್ಜ್ ಎರಡನ್ನೂ ಖುದ್ದಾಗಿ ನೋಡಿಕೊಳ್ಳಿ, ಇಲ್ಲಿ ಕೊಟ್ಟ ಅಂಕಿಗಳು ಆ ಹೊತ್ತಿಗೆ ಬದಲಾಗಿರಬಹುದು. ಏಜೆಂಟ್ ‘ಫೀಸು ನಾವೇ ಕಟ್ಟಿಬಿಡ್ತೀವಿ’ ಎಂದು ರೂಪಾಯಿಯಲ್ಲಿ ದುಂಡು ಮೊತ್ತ ಹೇಳಿದರೆ ಯಾವ ದರಕ್ಕೆ, ಯಾವ ದಾರಿಯಲ್ಲಿ ಎಂದು ಕೇಳಿ, ಇಲಾಖೆಯ ರಸೀದಿ ಕೊಡುವಂತೆ ಪಟ್ಟು ಹಿಡಿಯಿರಿ. ರಸೀದಿಯಲ್ಲಿ ಡಾಲರಿನ ಮೊತ್ತ ಸ್ಪಷ್ಟವಾಗಿ ಅಚ್ಚಾಗಿರುತ್ತದೆ.